ತೇಲುವ ಸೇತುವೆಯ ಕುಬಸ

ನಾನು ಚಿಕ್ಕವಳಿದ್ದಾಗ ದೋಣಿಯ ತಳಕ್ಕೆ ಬಳಿಯುತ್ತಿದ್ದ ಡಾಂಬರಿನ ವಾಸನೆ ಈಗ ಕೃಷ್ಣೆಯ ಸೇತುವೆಗೂ ಇದೆ. ಹೊಳೆ ಉಕ್ಕಿದರೆ ಸೇತುವೆ ಎರಡೂ ದಡಗಳ ಕೊಂಡಿ ಕಳಚಿಕೊಂಡು, ಮೇಲಿರುವ ಬಸ್ಸುಗಳ ಸಮೇತ ತೇಲುತ್ತದೆ. ನೀರಿಳಿದ ಮೇಲೆ ತಾನೇ ಕೂಡಿಕೊಳ್ಳುತ್ತದೆ.

ಅಂದೂ ತೇಲಿತು. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಬಸುರಿ ಹುಡುಗಿ ಶಾಂಭವಿ ಕಣ್ಣೊರೆಸಿಕೊಂಡಳು.

"ಇವತ್ತ ತವರಾಗ ನನ್ನ ಕುಬಸ, ಸೀಮಂತದ ಕಾರ್ಯ ಐತ್ರಿ ಆಯಿ. ಹೊತ್ತು ಮುಳುಗೂದ್ರಾಗ ನಾ ಹೆಂಗ ಮುಟ್ಟಲಿ?"

"ಅಳಬ್ಯಾಡವಾ. ಸೇತುವೀನ ತೊಟ್ಟಿಲಾಗಿ ನಿನ್ನ ಕೂಸಿನ್ನ ತೂಗಾಕತ್ತೈತಿ!" ಎಂದೆ.

ಬಸ್ಸಿಗೆ ಬಸ್ಸೇ ನಕ್ಕಿತು. ಒಬ್ಬಾಕೆ ತನ್ನ ಕೈಯ ಹಸಿರು ಬಳೆಗಳನ್ನೇ ತೆಗೆದು ಅವಳಿಗೆ ತೊಡಿಸಿದಳು. ಇನ್ನೊಬ್ಬಾಕೆ ಹೊಸ ರವಿಕೆಯ ಬಟ್ಟೆಯಿಂದ ಉಡಿ ತುಂಬಿದಳು. ಎಲ್ಲರ ಬುತ್ತಿಗಳೂ ಬಿಚ್ಚಿಕೊಂಡವು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಎಲ್ಲವೂ ಬಂದವು. ಶಾಂಭವಿ ಮಾತ್ರ ಯಾವುದನ್ನೂ ಮುಟ್ಟಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಮೊದಲನೇ ತುತ್ತು ತವರಿಂದ ಆಗಬೇಕ್ರಿ."

"ಯಾವೂರವಾ ನಿನ್ನ ತವರು?" ಮುಂದಿನಿಂದ ಡ್ರೈವರ್ ಕೇಳಿದ.

"ಕರೇಮಟ್ಟಿ."

ಆತ ಎದ್ದು ಬಂದ. "ನಂದೂ ಅದ ಊರು, ತಂಗಿ. ಮುಂಜಾನೆ ನಮ್ಮವ್ವ ಕಟ್ಟಿಕೊಟ್ಟಾಳ" ಎಂದು, ಇನ್ನೂ ಬಿಚ್ಚದ ತನ್ನ ಬುತ್ತಿಯನ್ನು ಅವಳ ಕೈಗಿಟ್ಟ.