ಎಮ್ಮೆ ಹಿಡಿದು ತಂದ ಕಥೆ

ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೂ ಮಗ ಹಳ್ಳಿಯ ಅದೇ ಕಥೆ ತೆಗೆದ.

"ನಾವ್ಯಾರೂ ಇನ್ನೂ ಹುಟ್ಟಿರಲಿಲ್ಲ. ಅಮ್ಮ ಮದುವೆಯಾಗಿ ಬಂದು ಆರೇ ತಿಂಗಳು. ಎಮ್ಮೆ ಹಗ್ಗ ಕಿತ್ಕೊಂಡು ಓಡೋಯ್ತಂತೆ. ಒಬ್ಬಳೇ ಮೂರು ಮೈಲಿ ಹೋಗಿ, ಬಸ್ಸು ನಿಲ್ಲೋ ಜಾಗದಲ್ಲಿ ಹಿಡಿದು, ಹಾಲು ಕರೆಯೋ ಹೊತ್ತಿಗೆ ವಾಪಸ್ ತಂದಳಂತೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರತಿ ವರ್ಷ ಕಥೆ ಈ ಜಾಗಕ್ಕೆ ಬಂದಾಗ ಅಮ್ಮ ತಲೆ ತಗ್ಗಿಸಿ ನಗಬೇಕಿತ್ತು. ನಕ್ಕಳು.

"ಅಜ್ಜಿ, ಎಮ್ಮೆ ಯಾಕೆ ಬಸ್ ಸ್ಟಾಪಿಗೆ ಹೋಗಿತ್ತು?" ಮೊಮ್ಮಗಳು ಕೇಳಿದಳು.

"ಮೈಸೂರು ನೋಡೋ ಆಸೆ ಇತ್ತೇನೋ!" ಎಂದ ಮಗ. ಮನೆಯೆಲ್ಲ ನಗು.

ಪಕ್ಕದಲ್ಲಿದ್ದ ಗಂಡ ಮಾತ್ರ ನಗಲಿಲ್ಲ. "ಹಳೇದೆಲ್ಲ ಯಾಕೀಗ? ಮೊದಲು ಕೇಕ್ ಕತ್ತರಿಸು," ಎಂದು ಚಾಕುವನ್ನು ಅವಳ ಕೈಗೆ ತುರುಕಿದ.

ಐವತ್ತು ವರ್ಷ ನುಂಗಿಕೊಂಡಿದ್ದ ಮಾತು ಇವತ್ತು ಗಂಟಲಿನಿಂದ ಕೆಳಗಿಳಿಯಲಿಲ್ಲ. ಚಾಕು ಪಕ್ಕಕ್ಕಿಟ್ಟು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಸ್ಸು ಹತ್ತಿ ಹೊರಟುಹೋಗೋಕೆ ಅಂತ ಹೋಗಿದ್ದು ನಾನು ಕಣೆ. ಎಮ್ಮೆ ನನ್ನ ಹಿಂದೇನೇ ಬಂದ್ಬಿಡ್ತು. ಅದನ್ನ ಕಟ್ಟಿಹಾಕಿ ಹೋಗೋಣ ಅಂತ ಮನೆಗೆ ಬಂದೆ, ಅಷ್ಟೇ."