ಗೇಟಿಗೆ ಬಂದ ಮೇಯರ್

ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಕೋಟೆ ಬಾಗಿಲಿನಂಥ ಪಾಲಿಕೆಯ ಗೇಟಿನ ಮುಂದೆ ನೀರಿಗಾಗಿ ವರ್ಷಗಟ್ಟಲೆ ಖಾಲಿ ಕೊಡ ಬಡಿದ ಸಮಾಜಸೇವಕಿ ಅವಳು. ಆ ಹೆಂಗಸರೇ ಅವಳನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು. ಈಗ ಅವಳೇ ಮೇಯರ್.

ಗದ್ದುಗೆ ಏರಿದ ತಿಂಗಳೊಳಗೇ ಗೇಟಿನ ಕಡೆಯಿಂದ ಕೊಡಗಳ ಸದ್ದು ಕೇಳಿಬಂತು. ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ನಿಮ್ಮ ಓಣಿಯವರ ಬಂದಾರ್ರೀ ಮೇಡಂ. ಹಿಂದಿನ ಬಾಗಲಕ್ಕ ಗಾಡಿ ತರಸ್ಲೇನ್ರಿ?" ಎಂದ ಆಪ್ತ ಸಹಾಯಕ.

"ನನ್ನ ಮಂದಿಗೆ ನಾ ಹೆದರ್ಲೇನು?"

ಚಪ್ಪಲಿ ಮೆಟ್ಟುವುದನ್ನೂ ಮರೆತು ಅವಳು ಮೆಟ್ಟಿಲಿಳಿದು ಓಡಿದಳು. ಅವಳನ್ನು ಕಂಡದ್ದೇ ಸದ್ದು ನಿಂತಿತು. ಕಾದ ನೆಲದ ಮೇಲೆಯೇ ಕೂತು, ಎಲ್ಲರಿಗಿಂತ ಹಿರಿಯಳಾದ ಫಕೀರವ್ವನ ಕೈ ಹಿಡಿದಳು.

"ಯವ್ವಾ, ಪೈಪ್ ಒಡದೈತಿ, ರಿಪೇರಿ ನಡದೈತಿ. ಒಂದು ವಾರ ತಡಕೋರಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ನಿನ್ನ ಮಾತಂದ್ರ ನಮಗ ದೇವರ ಮಾತಿದ್ದಂಗ, ಮಗಳ," ಫಕೀರವ್ವ ಅವಳ ಕೆನ್ನೆ ಸವರಿದಳು.

ಅವಳಿಗೆ ಹೋದ ಉಸಿರು ಬಂದಂತಾಯಿತು. "ಹಂಗಾರ ಕೊಡ ತಗೊಂಡು ಮನೀಗೆ ನಡೀರಿ."

"ಅದೊಂದು ಆಗಂಗಿಲ್ಲ," ಎಂದು ಫಕೀರವ್ವ ಕೊಡವನ್ನು ಮತ್ತೆ ಎತ್ತಿಕೊಂಡಳು. "ಮೇಯರ್ ತಾನ ಇಳದು ಬಂದು, ಕೈ ಹಿಡದು ಸಿಹಿ ಮಾತಾಡಿದ್ರ ಗೇಟ್ ಬಿಟ್ಟು ಏಳಬ್ಯಾಡ್ರಿ ಅಂತ ಕಲಿಸಿದಾಕಿ ನೀನ ಅಲ್ಲೇನವ್ವಾ?"