ಗುಬ್ಬಿಯಲ್ಲಿ ಬೆಟ್ಟ ಸಿಡಿದ ವಾರ

“ಗುಬ್ಬಿಲಿ ಬೆಟ್ಟ ಸಿಡಿದು ಇಮಾನ ಎಲ್ಲಾ ನಿಂತೋಗವಂತೆ ಕಣಣ್ಣ. ಗುರುವಾರ ನಿಶ್ಚಿತಾರ್ಥದ ಶಾಸ್ತ್ರ ಆಗಕಿಲ್ಲ,” ಎಂದು ಕುಣಿಗಲ್‌ನಿಂದ ಬೀಗಿತ್ತಿಯಾಗಲಿದ್ದ ಮಂಜುಳಮ್ಮ ಫೋನಿನಲ್ಲಿ ಹೇಳಿದಾಗ ಚನ್ನಬಸವಯ್ಯ ಗುಬ್ಬಿಯಲ್ಲೇ, ತಮ್ಮ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಬೀದಿಗಿಳಿದು ಆ ತುದಿ ಈ ತುದಿ ನೋಡಿದರು. ಸಿಡಿಯುವಂಥದ್ದೇನೂ ಕಾಣಲಿಲ್ಲ. ಎತ್ತರದ್ದು ಅಂತ ಇದ್ದದ್ದು ನೀರಿನ ಟ್ಯಾಂಕ್ ಒಂದೇ.

ಟಿವಿ ಹಾಕಿದ ಮೇಲೆ ವಿಷಯ ತಿಳಿಯಿತು. ಸಿಡಿದದ್ದು ಇಥಿಯೋಪಿಯಾದ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ. ಅದರ ಬೂದಿ ಸಮುದ್ರ ದಾಟಿ ಇಂಡಿಯಾದ ಆಕಾಶಕ್ಕೆ ಬಂದಿತ್ತು. ಕೆಲವು ವಿಮಾನಗಳು ರದ್ದಾಗಿದ್ದವು. ಅದರಲ್ಲಿ ವರ ಉದಯಕುಮಾರನದೂ ಒಂದಂತೆ. ಮಸ್ಕತ್‌ನಲ್ಲಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಿದ್ದ ಅವನು ಸೋಮವಾರ ರಾತ್ರಿಯೇ ಹೊರಡಬೇಕಿತ್ತು. ಚನ್ನಬಸವಯ್ಯ ಅಡುಗೆಯವನಿಗೂ ನೆಂಟರಿಗೂ ಫೋನ್ ಮಾಡುತ್ತಾ, ಅದು ನಮ್ಮ ಗುಬ್ಬಿಯಲ್ಲ ಎಂದು ಬಿಡಿಸಿ ಹೇಳುವುದರಲ್ಲೇ ಮಂಗಳವಾರದ ಬೆಳಗ್ಗೆಯನ್ನು ಕಳೆದರು. ಆದರೂ ಷಡ್ಡಕ ಕದರಯ್ಯ, ಆ ಬೂದಿ ವಿಭೂತಿಗೆ ಬರುತ್ತದಾ, ಬಂದರೆ ಮಠಕ್ಕೆ ಒಂದು ಚೀಲ ಇರಲಿ ಎಂದರು.

ಮಗಳು ಮಧುಶ್ರೀ ವಸಂತನರಸಾಪುರದ ಕೊಬ್ಬರಿ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಟೀ ಬ್ರೇಕಿನಲ್ಲಿ ಬೆಟ್ಟ ಸಿಡಿಯುವ ವಿಡಿಯೊವನ್ನು ನಾಲ್ಕು ಸಲ ನೋಡಿದಳು. ಹನ್ನೆರಡು ಸಾವಿರ ವರ್ಷ ಸುಮ್ಮನಿತ್ತು ಎನ್ನುತ್ತಿದ್ದ ಬೆಟ್ಟಕ್ಕೆ ಇನ್ನೊಂದು ವಾರ ತಡೆಯಲಾಗಲಿಲ್ಲ ಎಂದು ಸಿಟ್ಟೂ ಬಂತು. ಉದಯಕುಮಾರನಿಗೆ ಮೆಸೇಜ್ ಮಾಡಿದರೆ, ಏರ್‌ಪೋರ್ಟಿನಲ್ಲಿ ಜನ ನೆಲದ ಮೇಲೆ ಮಲಗಿದ್ದಾರೆ, ಕುಡಿಯಲು ನೀರಿಗೂ ಕ್ಯೂ ಎಂದು ಬರೆದ. ಪಾಪ ಅನ್ನಿಸಿತು. ಮುಂದಿನ ವಿಮಾನ ಯಾವಾಗ ಬಿಡಬಹುದೆಂದು ನೋಡಲು, ವಿಮಾನಗಳ ಓಡಾಟ ತೋರಿಸುವ ಆ್ಯಪ್ ಇಳಿಸಿಕೊಂಡಳು. ಅವನು ಹದಿನೈದು ದಿನದ ಹಿಂದೆ ಕಳಿಸಿದ್ದ ಟಿಕೆಟ್ ನೋಡಿ ನಂಬರ್ ಹಾಕಿದಳು. ಆ ವಿಮಾನ ನಲವತ್ತು ನಿಮಿಷ ತಡವಾಗಿ ಹೊರಟು, ಬೂದಿಯನ್ನು ತಪ್ಪಿಸಿಕೊಂಡು ಕೊಂಚ ದಕ್ಷಿಣಕ್ಕೆ ಬಳಸಿ, ಬೆಳಗ್ಗೆ ಆರಕ್ಕೆ ಬೆಂಗಳೂರಿನಲ್ಲಿ ಇಳಿದಿತ್ತು.

ಮತ್ತೊಮ್ಮೆ ನೋಡಿದಳು. ಇಳಿದೇ ಇತ್ತು. ಮಸ್ಕತ್‌ನಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಕೊಬ್ಬರಿ ಚೀಲಗಳ ಮರೆಗೆ ಹೋಗಿ ಫೋನ್ ಮಾಡಿದಳು.

“ನಿಮ್ ಫ್ಲೈಟ್ ಇಳಿದು ಐದ್ ಗಂಟೆ ಆಯ್ತು. ನೀವೆಲ್ಲಿದೀರ?”

“ಬಟವಾಡೀಲಿ,” ಎಂದಿತು ಮಸ್ಕತ್.

ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿಯ ಬಟವಾಡಿಗೆ ಬಂದರೆ, ಗೆಳೆಯನ ಬಾಡಿಗೆ ರೂಮಿನಲ್ಲಿ ಉದಯಕುಮಾರ್ ನಡು ಮಧ್ಯಾಹ್ನ ಮಂಕಿ ಕ್ಯಾಪ್ ಹಾಕಿಕೊಂಡು ಬಾಗಿಲು ತೆರೆದ. ಒಬ್ಬನೇ ಇದ್ದ. ಅವಳು ಏನೂ ಕೇಳುವ ಮೊದಲೇ ಕ್ಯಾಪ್ ತೆಗೆದ. ಬೋಳಿಸಿದ ತಲೆಯ ಮೇಲೆ ಸಾಲು ಸಾಲಾಗಿ ಕೆಂಪು ಹಕ್ಕಳೆಗಳು, ಹೊಸದಾಗಿ ನಾಟಿ ಮಾಡಿದ ರಾಗಿ ಹೊಲದ ಹಾಗೆ. ಹಣೆ ಊದಿ ಕಣ್ಣಿಗೆ ಇಳಿದಿತ್ತು. ಟಿಕೆಟಿನ ದಿನ ಹಿಂದಕ್ಕೆ ಹಾಕಿಸಿಕೊಂಡು, ಒಂಬತ್ತು ದಿನದ ಹಿಂದೆಯೇ ಗುಟ್ಟಾಗಿ ಬಂದು ಕೂದಲು ನೆಡಿಸಿಕೊಂಡಿದ್ದ. ಮಂಗಳವಾರದ ಹೊತ್ತಿಗೆ ಊತ ಇಳಿದರೆ, ಈಗಷ್ಟೇ ವಿಮಾನ ಇಳಿದವನಂತೆ ಮನೆಗೆ ಹೋಗುವುದೆಂದು ಲೆಕ್ಕ. ಊತ ಇಳಿಯಲಿಲ್ಲ, ಅಷ್ಟರಲ್ಲಿ ಬೆಟ್ಟ ಸಿಡಿಯಿತು.

ಹೆಣ್ಣು ನೋಡಲು ಬಂದ ದಿನ ಮಧುಶ್ರೀಯ ಅಜ್ಜಿ ದೊಡ್ಡಗಂಗಮ್ಮ ಅವನನ್ನು ನೋಡಿ, ಇವರು ಗಂಡಿನ ಚಿಕ್ಕಪ್ಪನಾ ಎಂದು ಎಲ್ಲರೆದುರು ಕೇಳಿದ್ದರು. ಮನೆಯೆಲ್ಲ ನಕ್ಕಿತ್ತು. ಮಧುಶ್ರೀಯೂ ನಕ್ಕಿದ್ದಳು.

“ಅವತ್ತು ಎಲ್ರಿಗಿಂತ ಜೋರಾಗ್ ನಕ್ಕಿದ್ದು ನಾನೇ,” ಎಂದ ಉದಯಕುಮಾರ್. “ಆಮೇಲೆ ಮೂರ್ ದಿನ ಕನ್ನಡಿ ನೋಡ್ಲಿಲ್ಲ.”

ತಾನೂ ನಕ್ಕದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಜೊತೆಗೆ ನಗುವೂ ಬಂತು. ಇನ್ನೊಬ್ಬಳಿಲ್ಲ, ಇರುವುದು ಕೂದಲು ಮಾತ್ರ. ಹತ್ತಿರ ಹೋಗಿ, ಲ್ಯಾಬಿನ ಸ್ಯಾಂಪಲ್ ನೋಡುವವಳಂತೆ ತಲೆಯನ್ನು ಎಲ್ಲ ಕಡೆಯಿಂದಲೂ ನೋಡಿದಳು. ಪೇಟದ ಕೆಳಗೆ ಏನೂ ಕಾಣುವುದಿಲ್ಲ, ಗುರುವಾರವೇ ಶಾಸ್ತ್ರ ಇಟ್ಟುಕೊಳ್ಳೋಣ, ಅಡುಗೆಯವನನ್ನು ಅಪ್ಪ ಮತ್ತೆ ಹಿಡಿಯುತ್ತಾರೆ ಎಂದಳು. ಆದರೆ ಮೊದಲು ನಿಮ್ಮಮ್ಮನಿಗೆ ಫೋನ್ ಮಾಡಿ ನಿಜ ಹೇಳಿ ಎಂದೂ ಸೇರಿಸಿದಳು. ಆಕೆ ಬೆಟ್ಟ ತಣ್ಣಗಾಗಲೆಂದು ಯಡಿಯೂರಿನ ದೇವಸ್ಥಾನಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಾರಂತೆ.

ಅವನು ಒಪ್ಪಿ, ಸ್ಪೀಕರ್ ಹಾಕಿ ಫೋನ್ ಮಾಡಿದ. “ಅಮ್ಮ, ಮೋಡ ಚದುರ್ತಾ ಇದೆ. ನಾಳೆ ಫ್ಲೈಟ್ ಬಿಡ್ತಾರಂತೆ,” ಎಂದ. ಒಂದು ತೊದಲಿಲ್ಲ, ಒಂದು ತಡವರಿಕೆಯಿಲ್ಲ. ಪಕ್ಕದಲ್ಲಿ ಕೇರಳದ ಮುದುಕರೊಬ್ಬರು ತಲೆಸುತ್ತಿ ಬಿದ್ದದ್ದನ್ನೂ, ತಾನೇ ಬಿಸ್ಕತ್ತು ಕೊಟ್ಟು ಅವರನ್ನು ಎಬ್ಬಿಸಿ ಕೂರಿಸಿದ್ದನ್ನೂ ಹೇಳಿದ. ಆ ಕಡೆ ಮಂಜುಳಮ್ಮ ಆ ಮುದುಕರಿಗಾಗಿ ಮರುಗುತ್ತಿದ್ದರು. ಹೇಗೆ ನಿಭಾಯಿಸಿದೆ ನೋಡು ಎಂಬಂತೆ ಅವನು ಊದಿದ ಕಣ್ಣನ್ನು ಮಧುಶ್ರೀಯತ್ತ ಮಿಟುಕಿಸಿದ.

ಮೂರು ತಿಂಗಳಿಂದ ದಿನಾ ಸಂಜೆ ಫೋನಿನಲ್ಲಿ ಅವಳು ಕೇಳಿದ್ದು ಇದೇ ಮೃದುವಾದ ದನಿಯನ್ನು. ಏನೇನು ಹೇಳಿದ್ದ, ಅದರಲ್ಲಿ ನಿಜವೆಷ್ಟು ಎಂದು ಲೆಕ್ಕ ಹಾಕತೊಡಗಿದಳು. ಆ ಲೆಕ್ಕವನ್ನು ನಡುವೆಯೇ ಬಿಟ್ಟು, ಅವನ ಕೈಯಿಂದ ಫೋನ್ ತೆಗೆದುಕೊಂಡಳು.

“ಅಮ್ಮ, ನಾನು ಮಧುಶ್ರೀ. ನಿಮ್ ಮಗನ್ ಪಕ್ಕದಲ್ಲೇ ನಿಂತಿದೀನಿ.”

ಮಂಜುಳಮ್ಮನಿಗೆ ಇನ್ನೂ ಗಾಬರಿ ಹೆಚ್ಚಿತು. “ಅಯ್ಯೋ, ನೀನೂ ಅಲ್ಲೇ ಸಿಕ್ಕಾಕ್ಕಂಡಿದೀಯೇನವ್ವ?”

“ಇಲ್ಲಮ್ಮ,” ಎಂದಳು ಮಧುಶ್ರೀ. “ನಾನು ಹೊರಟೆ.”